ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ: ಪುಢಾರಿಗಳ ಮೇಲಿನ ಆಪಾದನೆಗೆ ಎಷ್ಟು ಪೋಲೀಸು?

(ಬೆಂಗಳೂರಿನ ಬಸವನಗುಡಿಯಲ್ಲಿ ನೆರೆದಿದ್ದ ನಾಗರಿಕರ ಸಭೆಯಲ್ಲಿ ಮಾಡಿದ ಭಾಷಣ)



ಈ ಸಂಜೆ ನಾವು ಎತ್ತಿಕೊಂಡಿರುವ ಪ್ರಶ್ನೆ ಮೇಲುನೋಟಕ್ಕೆ ಸಣ್ಣದು. ಒಬ್ಬ ಮಂತ್ರಿಯ ಮೇಲೋ, ಶಾಸಕನ ಮೇಲೋ, ವಿರೋಧ ಪಕ್ಷದ ಮುಖಂಡನ ಮೇಲೋ ಆಪಾದನೆ ಬಂದರೆ, ಅದರ ತನಿಖೆಗೆ ಎಷ್ಟು ಮಂದಿ ಪೋಲೀಸರನ್ನು, ಎಷ್ಟು ದಿನ, ಯಾರ ಕೈಕೆಳಗೆ ಹಾಕಬೇಕು? ಇಷ್ಟೇ ಪ್ರಶ್ನೆ. ಆದರೆ ಇದಕ್ಕೆ ಸರಿಯಾದ ಉತ್ತರ ಸಿಗದೆ ಹೋದರೆ ಆಳುವವರಿಗೆ ಭಯವಿರುವುದಿಲ್ಲ, ಆಳಿಸಿಕೊಳ್ಳುವವರಿಗೆ ನ್ಯಾಯವಿರುವುದಿಲ್ಲ.

ಗಾಂಧಿಬಜಾರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಕುಳಿತರೂ, ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯಲ್ಲಿ ತರಕಾರಿ ಕೊಳ್ಳಲು ನಿಂತರೂ, ಚಾಮರಾಜಪೇಟೆಯಲ್ಲಿ ಬಸ್ಸಿಗೆ ಕಾದರೂ ಎರಡು ಮಾತು ಕಿವಿಗೆ ಬೀಳುತ್ತವೆ. ಒಂದು: “ಈ ಪುಢಾರಿಗಳ ಜಗಳಕ್ಕೆ ನಮ್ಮ ಪೋಲೀಸರು ಏಕೆ ಸ್ವಾಮಿ? ನಮ್ಮ ಮನೆ ಕಳವಾದಾಗ ಠಾಣೆಯಲ್ಲಿ ಬರೆದುಕೊಳ್ಳುವುದಕ್ಕೂ ಜನವಿರುವುದಿಲ್ಲ.” ಇನ್ನೊಂದು: “ಎಲ್ಲರೂ ಕಳ್ಳರೇ. ಇಡೀ ಇಲಾಖೆಯನ್ನೇ ಇವರ ಬೆನ್ನಿಗೆ ಬಿಡಬೇಕು.” ಎರಡರಲ್ಲೂ ಅರ್ಧ ಸತ್ಯವಿದೆ. ಉಳಿದ ಅರ್ಧವನ್ನು ಹುಡುಕುವುದು ನಮ್ಮ ಕೆಲಸ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳೋಣ. ಪೋಲೀಸರ ಒಂದೊಂದು ಗಂಟೆಯೂ ಸಾರ್ವಜನಿಕರ ಆಸ್ತಿ. ಅದನ್ನು ಒಂದು ಕಡೆ ಖರ್ಚು ಮಾಡಿದರೆ ಇನ್ನೊಂದು ಕಡೆ ಕೊರತೆ ಬೀಳಲೇಬೇಕು. ಇದನ್ನು ಬಸವನಗುಡಿಯವರಿಗೆ ನಾವು ಹೇಳಿಕೊಡಬೇಕಾಗಿಲ್ಲ. 2020ರ ಜನವರಿಯಲ್ಲಿ ಇಲ್ಲಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿತು. ಜೀವಮಾನದ ಉಳಿತಾಯವನ್ನು ಅಲ್ಲಿ ಇಟ್ಟಿದ್ದವರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದಾಯಿತು. ಪಿಂಚಣಿಯ ಹಣ, ಮಗಳ ಮದುವೆಯ ಹಣ, ಔಷಧಿಯ ಹಣ ಎಲ್ಲವೂ ಒಳಗೆ ಸಿಕ್ಕಿಕೊಂಡಿತು. ಸಿಐಡಿ ಬಂತು, ಜಾರಿ ನಿರ್ದೇಶನಾಲಯ ಬಂತು. ಕಡತಗಳು ಒಂದು ಕಛೇರಿಯಿಂದ ಇನ್ನೊಂದಕ್ಕೆ ನಡೆದವು. ಅವುಗಳ ಹಿಂದೆ ಎಪ್ಪತ್ತು, ಎಂಬತ್ತು ವರ್ಷದ ಹಿರಿಯರು ಕೋಲೂರಿಕೊಂಡು ನಡೆದರು. ಲೆಕ್ಕಪತ್ರ ಓದಬಲ್ಲ ಒಬ್ಬ ನುರಿತ ತನಿಖಾಧಿಕಾರಿಯ ಒಂದು ದಿನದ ಬೆಲೆ ಏನೆಂದು ಆ ಹಿರಿಯರನ್ನು ಕೇಳಿದರೆ ಹೇಳುತ್ತಾರೆ. ಅಂಥ ಅಧಿಕಾರಿ ಯಾವ ರಾಜ್ಯದಲ್ಲೂ ಬೇಕಾದಷ್ಟು ಇರುವುದಿಲ್ಲ. ಇರುವ ಕೆಲವರನ್ನು ಎಲ್ಲಿಗೆ ಕಳುಹಿಸಬೇಕೆಂಬುದು ಆಡಳಿತದ ಸಣ್ಣ ವಿವರವಲ್ಲ. ಯಾರಿಗೆ ನ್ಯಾಯ ಮೊದಲು ಎಂಬ ರಾಜಕೀಯ ತೀರ್ಮಾನ ಅದು.

ಈಗ ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟ ಕತೆ ಕೇಳಿ. 2024ರ ಅಕ್ಟೋಬರ್ 21ರಂದು ಹಿಮಾಚಲ ಪ್ರದೇಶದ ಮುಖ್ಯಮಂತ್ರಿಗಳು ಶಿಮ್ಲಾದ ಸಿಐಡಿ ಕೇಂದ್ರ ಕಛೇರಿಗೆ ಹೋಗಿದ್ದರು. ಅವರಿಗೆಂದು ದೊಡ್ಡ ಹೋಟೆಲಿನಿಂದ ಸಮೋಸಾ, ಕೇಕು ತುಂಬಿದ ಮೂರು ಪೆಟ್ಟಿಗೆ ಬಂದವು. ಅದು ಹೇಗೋ ಕೈತಪ್ಪಿ ಕಾವಲಿನ ಸಿಬ್ಬಂದಿಯ ಹೊಟ್ಟೆ ಸೇರಿತು. ಸಮೋಸಾ ತಿಂದವರು ಯಾರು ಎಂದು ಪತ್ತೆ ಹಚ್ಚಲು ಸಿಐಡಿ ವಿಚಾರಣೆ ನಡೆಯಿತು. ಹೇಳಿಕೆಗಳನ್ನು ಪಡೆದರು, ವರದಿ ಬರೆದರು. ಇದು ಸರ್ಕಾರದ ವಿರುದ್ಧವಾದ ಕೃತ್ಯವೆಂದು ಆ ವರದಿಯಲ್ಲಿ ಒಂದು ಷರಾ ಕೂಡ ಬಿತ್ತು. ದೇಶವೆಲ್ಲ ನಕ್ಕಿತು. ನಾವೂ ನಕ್ಕೆವು. ಬೆಟ್ಟ ಅಗೆದು ಇಲಿ ಹಿಡಿಯುವುದೆಂದರೆ ಇದೇ. ಆದರೆ ನಕ್ಕು ಮುಗಿಸಿದ ಮೇಲೆ ಯೋಚಿಸಬೇಕು. ಆ ವಿಚಾರಣೆಯ ತೂಕವನ್ನು ನಿರ್ಧರಿಸಿದ್ದು ತಪ್ಪಿನ ಗಾತ್ರವಲ್ಲ, ತಟ್ಟೆಯ ಮುಂದೆ ಕೂರಬೇಕಿದ್ದವರ ಕುರ್ಚಿಯ ಗಾತ್ರ.

ಇದಕ್ಕೆ ಎದುರಾಗಿ ನಮ್ಮ ಊರಿನದೇ ಒಂದು ಸಂಗತಿ ಇಡೋಣ. 2023ರ ನವೆಂಬರ್ ತಿಂಗಳ ದೀಪಾವಳಿಯಲ್ಲಿ ಜೆ.ಪಿ. ನಗರದಲ್ಲಿರುವ ಮಾಜಿ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿಯವರ ಮನೆಯ ದೀಪಾಲಂಕಾರಕ್ಕೆ ಬೀದಿಯ ಕಂಬದಿಂದ ನೇರವಾಗಿ ವಿದ್ಯುತ್ತು ಎಳೆದಿದ್ದರೆಂಬ ದೂರು ಬಂತು. ಅಲಂಕಾರದ ಗುತ್ತಿಗೆಯವನು ತಮಗೆ ತಿಳಿಯದಂತೆ ಮಾಡಿದ್ದೆಂದು ಅವರು ಹೇಳಿದರು. ಬೆಸ್ಕಾಂ ಜಾಗೃತ ದಳ ಮೊಕದ್ದಮೆ ದಾಖಲಿಸಿ, ಲೆಕ್ಕ ಹಾಕಿ 68,526 ರೂಪಾಯಿ ದಂಡ ಕೇಳಿತು. ಲೆಕ್ಕದ ಬಗೆಗೆ ತಕರಾರು ಹೇಳಿಕೊಂಡೇ ಅವರು ಕಟ್ಟಿದರು. ಪಕ್ಷಗಳ ಬೈಗುಳ ಒಂದು ವಾರ ನಡೆಯಿತು, ಅದು ಬೇರೆ ಮಾತು. ಇಲಾಖೆಯ ಕೆಲಸ ಮಾತ್ರ ಅಳತೆ ಮೀರಲಿಲ್ಲ. ಇದೇ ತಪ್ಪಿಗೆ ಸಾಮಾನ್ಯ ಮನೆಯವನು ಏನು ತೆರುತ್ತಾನೋ ಅದನ್ನೇ ದೊಡ್ಡ ಮನೆಯವರೂ ತೆರಬೇಕು. ಹೆಚ್ಚೂ ಬೇಡ, ಕಡಿಮೆಯೂ ಬೇಡ.

ಇಂಗ್ಲೆಂಡಿನಲ್ಲಿ ಇದೇ ಪ್ರಶ್ನೆ ಎರಡು ಬಗೆಯಲ್ಲಿ ಬಂತು. ಕೊರೋನಾ ಕಾಲದಲ್ಲಿ ಜನರನ್ನು ಮನೆಯೊಳಗೆ ಕೂಡಿಹಾಕಿದ ಸರ್ಕಾರದವರೇ ತಮ್ಮ ಕಛೇರಿಯಲ್ಲಿ ಔತಣಕೂಟ ನಡೆಸಿದ್ದರು. ಲಂಡನ್ ಪೋಲೀಸರು 12 ಮಂದಿ ಪತ್ತೇದಾರರನ್ನು ಹಾಕಿ, 4,60,000 ಪೌಂಡು ಖರ್ಚು ಮಾಡಿ, 2022ರ ಮೇ ತಿಂಗಳಲ್ಲಿ ತನಿಖೆ ಮುಗಿಸಿದರು. 83 ಮಂದಿಗೆ 126 ದಂಡ ಬಿದ್ದವು. ಪ್ರಧಾನಮಂತ್ರಿಯೂ ಒಂದು ದಂಡ ತೆತ್ತರು. ಒಂದು ಔತಣಕ್ಕೆ ಇಷ್ಟೇಕೆ ಎಂದು ಕೆಲವರು ಕೇಳಿದರು. ತಂದೆ ತಾಯಿಯರ ಕೊನೆಯ ಮುಖ ನೋಡಲಾಗದೆ ಹೋದ ಜನ ಹಾಗೆ ಕೇಳಲಿಲ್ಲ. ಕಾನೂನು ಮಾಡಿದವನೇ ಅದನ್ನು ಮುರಿದರೆ ದಂಡ ಚಿಕ್ಕದಾದರೂ ತಪ್ಪು ದೊಡ್ಡದು.

ಅದೇ ಲಂಡನ್ ಪೋಲೀಸರು 2014ರಿಂದ 2016ರವರೆಗೆ ಒಬ್ಬನ ಮಾತನ್ನು ನಂಬಿ ಹಳೆಯ ರಾಜಕಾರಣಿಗಳ, ಸೇನಾಪತಿಗಳ ಮೇಲೆ ಘೋರ ಆಪಾದನೆಗಳ ತನಿಖೆ ನಡೆಸಿದರು. ಮನೆಗಳನ್ನು ಶೋಧಿಸಿದರು, ಸುಮಾರು 25 ಲಕ್ಷ ಪೌಂಡು ಖರ್ಚು ಮಾಡಿದರು. ಕೊನೆಗೆ ಆಪಾದನೆಯೇ ಕಟ್ಟುಕತೆ ಎಂದು ತಿಳಿಯಿತು. ಹೇಳಿದವನಿಗೆ 2019ರಲ್ಲಿ 18 ವರ್ಷದ ಸಜೆಯಾಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಆಪಾದನೆ ಎಷ್ಟು ಭಯಂಕರವೋ, ಮೊದಲ ಹೆಜ್ಜೆಯಲ್ಲಿ ಅಷ್ಟೇ ಎಚ್ಚರ ಬೇಕು. ಇನ್ನೊಂದು ಮಾತನ್ನೂ ಗಮನಿಸಿ: ಈ ಎರಡು ತನಿಖೆಗಳಿಗೆ ಎಷ್ಟು ಹಣ ಹೋಯಿತೆಂಬುದು ಅಲ್ಲಿಯ ಜನಕ್ಕೆ ಗೊತ್ತು. ನಮ್ಮಲ್ಲಿ ಯಾವ ತನಿಖೆಗೆ ಎಷ್ಟು ವೆಚ್ಚವಾಯಿತೆಂದು ತೆರಿಗೆ ಕೊಟ್ಟ ನಮಗೆ ಯಾರೂ ತಾವಾಗಿ ಹೇಳುವುದಿಲ್ಲ.

ಹಾಗಾದರೆ ರಾಜಕಾರಣಿಗಳ ಮೇಲೆ ಪೋಲೀಸರನ್ನು ಕಡಿಮೆ ಹಾಕಬೇಕೆ? ಅಲ್ಲ. ಆನೆಬಲ ಹಾಕಬೇಕಾದ ಕಡೆ ಹಾಕಲೇಬೇಕು. ಹಾಸನ ಜಿಲ್ಲೆಯ ಮಾತನ್ನೇ ತೆಗೆದುಕೊಳ್ಳಿ. ಒಂದು ಕಡೆ ಮನೆಗೆಲಸ ಮಾಡಿ ಬದುಕುವ ಹೆಂಗಸು. ಇನ್ನೊಂದು ಕಡೆ ಲೋಕಸಭಾ ಸದಸ್ಯ, ಮಾಜಿ ಪ್ರಧಾನಿಯ ಮೊಮ್ಮಗ ಪ್ರಜ್ವಲ್ ರೇವಣ್ಣ. 2024ರ ಏಪ್ರಿಲ್ ಕೊನೆಯಲ್ಲಿ ಸರ್ಕಾರ ವಿಶೇಷ ತನಿಖಾ ದಳ ನೇಮಿಸಿತು. ಅಷ್ಟರಲ್ಲಿ ಆಪಾದಿತರು ಜರ್ಮನಿ ಸೇರಿದ್ದರು. ಮೇ 31ರಂದು ಹಿಂದಿರುಗಿದಾಗ ವಿಮಾನ ನಿಲ್ದಾಣದಲ್ಲೇ ದಸ್ತಗಿರಿಯಾಯಿತು. 2025ರ ಆಗಸ್ಟ್ 1ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಅತ್ಯಾಚಾರದ ಅಪರಾಧ ಸಾಬೀತಾಗಿದೆ ಎಂದಿತು, ಮರುದಿನ ಜೀವಾವಧಿ ಶಿಕ್ಷೆ ವಿಧಿಸಿತು. ಮೇಲ್ಮನವಿ ಹೂಡುವ ಹಕ್ಕು ಅಪರಾಧಿಗೂ ಉಂಟು. ಅದು ಕಾನೂನಿನ ದಾರಿ. ನಾವು ಹೇಳುವುದು ಇಷ್ಟೆ: ಆ ಹೆಂಗಸಿನ ಫಿರ್ಯಾದನ್ನು ಸ್ಥಳೀಯ ಠಾಣೆಯ ಒಬ್ಬ ಸಬ್ ಇನ್ಸ್‌ಪೆಕ್ಟರ ಕೈಗೆ ಬಿಟ್ಟಿದ್ದರೆ ಅದು ಎಲ್ಲಿಗೆ ಮುಟ್ಟುತ್ತಿತ್ತು? ಆ ದೊಡ್ಡ ದಳ, ವಿಜ್ಞಾನದ ಪರೀಕ್ಷೆಗಳು, ಹಗಲಿರುಳಿನ ದುಡಿಮೆ ಒಬ್ಬ ರಾಜಕಾರಣಿಗೆ ಮಾಡಿದ ವಿಶೇಷ ಮರ್ಯಾದೆಯಲ್ಲ. ತಕ್ಕಡಿಯ ಒಂದು ತಟ್ಟೆಯಲ್ಲಿ ಮೊದಲೇ ಅಧಿಕಾರ, ಹಣ, ಮನೆತನ ಕೂತಿದ್ದಾಗ, ಇನ್ನೊಂದು ತಟ್ಟೆಗೆ ಸರ್ಕಾರ ತನ್ನ ತೂಕ ಹಾಕಿದರೇನೇ ಮುಳ್ಳು ನೆಟ್ಟಗೆ ನಿಲ್ಲುವುದು.

ಮಂದಿಯ ಸಂಖ್ಯೆಯೇ ಮುಖ್ಯವೆಂದು ಇದರಿಂದ ತಿಳಿಯಬಾರದು. ಗಣಿ ಹಗರಣದ ತನಿಖೆ ನೆನಪು ಮಾಡಿಕೊಳ್ಳಿ. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರಿಗಿದ್ದುದು ದೊಡ್ಡ ಸೈನ್ಯವಲ್ಲ. ಅರಣ್ಯ ಇಲಾಖೆಯ ಯು.ವಿ. ಸಿಂಗ್ ಅವರಂಥ ಕೆಲವೇ ಅಧಿಕಾರಿಗಳು ಬಳ್ಳಾರಿಯ ಧೂಳು ಕುಡಿದು, ಲಾರಿಯ ಲೆಕ್ಕ, ರೈಲಿನ ಲೆಕ್ಕ, ಬಂದರಿನ ಲೆಕ್ಕಗಳನ್ನು ಹೊಂದಿಸಿ ನೋಡಿದರು. 2011ರ ಜುಲೈ 27ರಂದು ಕೊಟ್ಟ ವರದಿ ರಾಜ್ಯಕ್ಕಾದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಲೆಕ್ಕ ಹಾಕಿತು. ನಾಲ್ಕು ದಿನದಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪನವರು ರಾಜೀನಾಮೆ ಕೊಟ್ಟರು. ಮುಂದೆ ಸಿಬಿಐ ಹೂಡಿದ ಮೊಕದ್ದಮೆಯಲ್ಲಿ 2016ರ ಅಕ್ಟೋಬರ್ 26ರಂದು ಅವರು ಖುಲಾಸೆಯಾದರು. ಇದನ್ನೂ ಹೇಳುವುದು ನ್ಯಾಯ. ಆದರೆ ಕೆಲವೇ ಮಂದಿ ಸ್ವತಂತ್ರವಾಗಿ ದುಡಿದರೆ ಒಂದು ರಾಜ್ಯದ ಕಣ್ಣು ತೆರೆಸಬಲ್ಲರೆಂಬುದು ಅಲ್ಲಿ ಸಿದ್ಧವಾಯಿತು.

ಅದೇ ಹೊತ್ತಿನ ಇನ್ನೊಂದು ಮುಖ ಬೇಲೇಕೇರಿ. 2010ರಲ್ಲಿ ಕಾರವಾರದ ಅರಣ್ಯಾಧಿಕಾರಿ ಆರ್. ಗೋಕುಲ್ ಅವರು ಬೇಲೇಕೇರಿ ಬಂದರಿನಲ್ಲಿ ಲಕ್ಷಾಂತರ ಟನ್ ಕಬ್ಬಿಣದ ಅದಿರನ್ನು ಜಪ್ತಿ ಮಾಡಿಸಿದರು. ಜಪ್ತಿಯಾದ ಅದಿರು ಹಡಗು ಹತ್ತಿ ಹೋಯಿತು. ಸರ್ಕಾರ ಅಮಾನತು ಮಾಡಿದ್ದು ಯಾರನ್ನು? ಜಪ್ತಿ ಮಾಡಿದ ಅಧಿಕಾರಿಯನ್ನು! ಇದನ್ನು ಸಹಿಸದೆ ಹೆಗ್ಡೆಯವರು ಆ ವರ್ಷ ಜೂನ್ ತಿಂಗಳಲ್ಲಿ ರಾಜೀನಾಮೆ ಪತ್ರ ಬರೆದುಕೊಟ್ಟರು, ಮುಂದೆ ಹಿಂತೆಗೆದುಕೊಂಡರು. ಬೇಲಿಯೇ ಎದ್ದು ಹೊಲ ಮೇಯುವಾಗ ಕಾವಲುಗಾರನಿಗೆ ಶಿಕ್ಷೆ. ಸಂಗಾತಿಗಳೇ, ಸಮೋಸಾ ಕಾಣೆಯಾದರೆ ವಿಚಾರಣೆ ನಡೆಸಲು ಜನ ಸಿಗುತ್ತಾರೆ, ಬೆಟ್ಟವೇ ಕಾಣೆಯಾಗುವಾಗ ಕಾಯಲು ಜನ ಸಿಗುವುದಿಲ್ಲವೆಂದರೆ, ಕೊರತೆ ಇರುವುದು ಪೋಲೀಸರ ಸಂಖ್ಯೆಯಲ್ಲಲ್ಲ.

ಕೊರತೆ ಎಲ್ಲಿದೆ ಎಂಬುದಕ್ಕೆ ಲೋಕಾಯುಕ್ತ ಸಂಸ್ಥೆಯ ಚರಿತ್ರೆಯೇ ಸಾಕ್ಷಿ. ರಾಮಕೃಷ್ಣ ಹೆಗಡೆಯವರ ಸರ್ಕಾರ ತಂದ 1984ರ ಶಾಸನದಿಂದ ಈ ಸಂಸ್ಥೆ ಹುಟ್ಟಿ, 1986ರಲ್ಲಿ ಕೆಲಸಕ್ಕೆ ತೊಡಗಿತು. ಅದೇ ಹೆಗಡೆಯವರು 1988ರ ಆಗಸ್ಟಿನಲ್ಲಿ ರಾಜಕಾರಣಿಗಳ ದೂರವಾಣಿ ಕದ್ದು ಕೇಳಿದ ಹಗರಣದ ನಡುವೆ ರಾಜೀನಾಮೆ ಕೊಡಬೇಕಾಯಿತು. ಒಳ್ಳೆಯ ಸಂಸ್ಥೆ ಕಟ್ಟಿದವರ ಆಡಳಿತದಲ್ಲೂ ಪೋಲೀಸು ಯಂತ್ರ ದಾರಿ ತಪ್ಪಬಲ್ಲದು. 2015ರಲ್ಲಿ ಲೋಕಾಯುಕ್ತ ಕಛೇರಿಯೊಳಗೇ ಸುಲಿಗೆಯ ಆಪಾದನೆ ಎದ್ದು, ವರ್ಷದ ಕೊನೆಗೆ ಲೋಕಾಯುಕ್ತರೇ ರಾಜೀನಾಮೆ ಕೊಟ್ಟರು. ಮೂಗಿಗೆ ನೆಗಡಿಯಾದರೆ ಮೂಗನ್ನೇ ಕೊಯ್ಯುವ ವೈದ್ಯ ನಡೆಯಿತು. 2016ರ ಮಾರ್ಚಿನಲ್ಲಿ ಸಿದ್ದರಾಮಯ್ಯನವರ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳವನ್ನು ಕಟ್ಟಿ, ಲೋಕಾಯುಕ್ತ ಪೋಲೀಸರ ಕೈಯಿಂದ ತನಿಖೆಯ ಅಧಿಕಾರ ತೆಗೆಯಿತು. ಹೊಸ ದಳ ಯಾರ ಕೈಕೆಳಗೆ? ಮುಖ್ಯಮಂತ್ರಿಯ ಕೈಕೆಳಗೆ. ಮುಂದೆ ಬಂದ ಸರ್ಕಾರಗಳು, ಪಕ್ಷ ಯಾವುದಾದರೂ ಸರಿ, ಆ ದಳವನ್ನು ಹಾಗೆಯೇ ಇಟ್ಟುಕೊಂಡವು. ಇಂಥ ಅನುಕೂಲದ ವಿಷಯದಲ್ಲಿ ನಮ್ಮ ದೊಡ್ಡ ಪಕ್ಷಗಳಿಗೆ ಭಿನ್ನಾಭಿಪ್ರಾಯ ಬರುವುದೇ ಇಲ್ಲ. ವಕೀಲರ ಸಂಘದವರು, ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದವರು ಹೈಕೋರ್ಟಿನ ಮೆಟ್ಟಿಲೇರಿದರು. 2022ರ ಆಗಸ್ಟ್ 11ರಂದು ಹೈಕೋರ್ಟು ದಳವನ್ನು ರದ್ದುಪಡಿಸಿ, ಅಧಿಕಾರವನ್ನು ಲೋಕಾಯುಕ್ತಕ್ಕೆ ಮರಳಿಸಿತು. ಆರು ವರ್ಷದ ಕಡತಗಳ ಗಂಟುಮೂಟೆ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಬಂತು.

ಕೊನೆಯದಾಗಿ ಮೈಸೂರಿನ ನಿವೇಶನಗಳ ಪ್ರಕರಣ. ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರವು ಮುಖ್ಯಮಂತ್ರಿ ಸಿದ್ದರಾಮಯ್ಯನವರ ಪತ್ನಿಗೆ ಕೊಟ್ಟ 14 ನಿವೇಶನಗಳ ಬಗೆಗೆ ಆಪಾದನೆ ಬಂತು. 2024ರ ಆಗಸ್ಟಿನಲ್ಲಿ ರಾಜ್ಯಪಾಲರು ಅನುಮತಿ ಕೊಟ್ಟರು, ಸೆಪ್ಟೆಂಬರ್ 24ರಂದು ಹೈಕೋರ್ಟು ಅದನ್ನು ಎತ್ತಿಹಿಡಿಯಿತು, ಮರುದಿನ ವಿಶೇಷ ನ್ಯಾಯಾಲಯ ಲೋಕಾಯುಕ್ತ ತನಿಖೆಗೆ ಆಜ್ಞೆ ಮಾಡಿತು. ನವೆಂಬರ್ 6ರಂದು ಮುಖ್ಯಮಂತ್ರಿಗಳು ಮೈಸೂರಿನ ಲೋಕಾಯುಕ್ತ ಪೋಲೀಸ್ ಕಛೇರಿಗೆ ಹೋಗಿ ಸುಮಾರು ಎರಡು ಗಂಟೆ ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ಅಧಿಕಾರದಲ್ಲಿರುವವನು ಠಾಣೆಯ ಬೆಂಚಿನ ಮೇಲೆ ಕೂರುವುದು ಪ್ರಜಾಪ್ರಭುತ್ವಕ್ಕೆ ಅವಮಾನವಲ್ಲ, ಭೂಷಣ. ಆದರೆ ಪ್ರಶ್ನೆ ಕೇಳುವ ಅಧಿಕಾರಿಯ ಬಡ್ತಿ, ವರ್ಗಾವಣೆ ಕೊನೆಗೆ ಯಾರ ಸರ್ಕಾರದ ಕೈಯಲ್ಲಿದೆ? ಸಿಬಿಐಗೆ ಕೊಡಿ ಎಂದು ಫಿರ್ಯಾದುದಾರರು ಕೇಳಿದರು, ಹೈಕೋರ್ಟು 2025ರ ಫೆಬ್ರವರಿ 7ರಂದು ಒಪ್ಪಲಿಲ್ಲ. ಅದೇ ತಿಂಗಳು ಲೋಕಾಯುಕ್ತ ಪೋಲೀಸರು ಮುಖ್ಯಮಂತ್ರಿ ಮತ್ತು ಅವರ ಮನೆಯವರ ವಿರುದ್ಧ ಸಾಕ್ಷ್ಯ ಸಾಲದು ಎಂದರು. ಈ ನಡುವೆ ದೆಹಲಿಯ ಜಾರಿ ನಿರ್ದೇಶನಾಲಯವೂ ಇಳಿದಿತ್ತು, ರಾಜ್ಯ ಸರ್ಕಾರ ನೇಮಿಸಿದ ನಿವೃತ್ತ ನ್ಯಾಯಮೂರ್ತಿಗಳ ಆಯೋಗವೂ ಇತ್ತು. ರಾಜಕೀಯದ ಹೋರಾಟಕ್ಕೆ ತನಿಖಾ ಸಂಸ್ಥೆಗಳನ್ನು ಏಕೆ ಬಳಸುತ್ತೀರಿ ಎಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ಜಾರಿ ನಿರ್ದೇಶನಾಲಯವನ್ನು ಕೇಳಿ, ಮುಖ್ಯಮಂತ್ರಿಯ ಪತ್ನಿಯ ವಿಷಯದಲ್ಲಿ ಅದು ತಂದ ಮೇಲ್ಮನವಿಯನ್ನು ತಳ್ಳಿಹಾಕಿತು.

ನಿವೇಶನ ಹದಿನಾಲ್ಕು, ತನಿಖೆ ಮೂರು! ಮುಖ್ಯಮಂತ್ರಿ ತಪ್ಪು ಮಾಡಿದ್ದಾರೋ ಇಲ್ಲವೋ ಎಂದು ತೀರ್ಪು ಹೇಳುವುದು ನಮ್ಮ ಕೆಲಸವಲ್ಲ. ನಮ್ಮ ಆಕ್ಷೇಪಣೆ ಬೇರೆ. ಆ ಪ್ರಾಧಿಕಾರದಲ್ಲಿ 1,095 ನಿವೇಶನಗಳು ಅಕ್ರಮವಾಗಿ ಹಂಚಿಕೆಯಾಗಿವೆ ಎಂದು ಜಾರಿ ನಿರ್ದೇಶನಾಲಯವೇ 2024ರ ಕೊನೆಯಲ್ಲಿ ಲೋಕಾಯುಕ್ತಕ್ಕೆ ಬರೆಯಿತು. ಅರ್ಜಿ ಹಾಕಿ ವರ್ಷಾನುಗಟ್ಟಲೆ ಕಾದ ಗುಮಾಸ್ತ, ಉಪಾಧ್ಯಾಯ, ಕಾರ್ಖಾನೆ ಕೆಲಸಗಾರನ ಪಾಲಿಗೆ ಆ ಸಾವಿರವೇ ಮುಖ್ಯ. ಊರೆಲ್ಲ ಹದಿನಾಲ್ಕರ ಸುತ್ತ ಕುಣಿಯಿತು, ಏಕೆಂದರೆ ಹದಿನಾಲ್ಕರಲ್ಲಿ ಒಂದು ಕುರ್ಚಿ ಅಲುಗಾಡುತ್ತಿತ್ತು. ಸಾವಿರದಲ್ಲಿ ಅಲುಗಾಡುತ್ತಿದ್ದುದು ಬಡವನ ಮನೆ ಮಾತ್ರ.

ಸಮಾಜವಾದಿಗಳಾದ ನಾವು ಈ ಮಾತನ್ನು ಬಹಳ ಎಚ್ಚರದಿಂದ ಆಡಬೇಕು, ಏಕೆಂದರೆ ಪೋಲೀಸು ಬಲವನ್ನು ರಾಜಕಾರಣಿಗಳ ಮೇಲೆ ಬಿಟ್ಟರೆ ಏನಾಗುತ್ತದೆಂದು ನಮ್ಮವರ ಮೈಗೆ ಗೊತ್ತು. ಇಲ್ಲಿಂದ ಬಹಳ ದೂರವಿಲ್ಲ, ಶೇಷಾದ್ರಿ ರಸ್ತೆಯಲ್ಲಿ ಈಗ ಸ್ವಾತಂತ್ರ್ಯ ಉದ್ಯಾನವೆಂದು ಕರೆಯುವ ಜಾಗ ಆಗ ಸೆಂಟ್ರಲ್ ಜೈಲು. ತುರ್ತುಪರಿಸ್ಥಿತಿಯಲ್ಲಿ ಮಧು ದಂಡವತೆಯವರಂಥವರನ್ನು ಇಟ್ಟದ್ದು ಅಲ್ಲಿ. ಬರೋಡಾ ಡೈನಮೈಟ್ ಮೊಕದ್ದಮೆಗಾಗಿ ಜಾರ್ಜ್ ಫರ್ನಾಂಡಿಸರನ್ನು ಹುಡುಕುತ್ತಿದ್ದ ಪೋಲೀಸರು 1976ರ ಮೇ 1ರಂದು ಅವರ ತಮ್ಮ ಲಾರೆನ್ಸರನ್ನು ಬೆಂಗಳೂರಿನ ಮನೆಯಿಂದ ಎಳೆದೊಯ್ದು, ದಿನಗಟ್ಟಲೆ ನ್ಯಾಯಾಲಯಕ್ಕೆ ಹಾಜರುಪಡಿಸದೆ ಚಿತ್ರಹಿಂಸೆ ಕೊಟ್ಟರು. ಮರುದಿನ ಕಲಾವಿದೆ ಸ್ನೇಹಲತಾ ರೆಡ್ಡಿಯವರ ದಸ್ತಗಿರಿಯಾಯಿತು. ಉಬ್ಬಸದ ರೋಗಿಯಾದ ಆ ತಾಯಿಯನ್ನು ಎಂಟು ತಿಂಗಳು ಜೈಲಿನಲ್ಲಿಟ್ಟು, 1977ರ ಜನವರಿ 15ರಂದು ಹೊರಗೆ ಬಿಟ್ಟರು. ಜನವರಿ 20ರಂದು ಆಕೆ ತೀರಿಕೊಂಡರು. ಅಣ್ಣನ ಮೇಲಿನ ಆಪಾದನೆಗೆ ತಮ್ಮನ ಮೂಳೆ, ಗೆಳೆಯನ ಮೇಲಿನ ಆಪಾದನೆಗೆ ಗೆಳತಿಯ ಉಸಿರು. ಅಳತೆ ತಪ್ಪಿದ ತನಿಖೆಯ ಕೊನೆ ಇದು. ಆದ್ದರಿಂದ ನಮ್ಮ ಎದುರಾಳಿಯ ಮನೆಯ ಮುಂದೆ ನೂರು ಪೋಲೀಸರು ನಿಂತಾಗ ಚಪ್ಪಾಳೆ ತಟ್ಟುವವರ ಸಾಲಿನಲ್ಲಿ ನಾವು ಇರಕೂಡದು.

ಹಾಗಾದರೆ ಅಳತೆ ಯಾವುದು? ನಾಲ್ಕು ಮಾತು ಹೇಳಿ ಮುಗಿಸುತ್ತೇವೆ.

ಮೊದಲನೆಯದು: ತನಿಖೆಯ ತೂಕ ಆಪಾದನೆಯ ತೂಕಕ್ಕೆ ತಕ್ಕಂತಿರಲಿ, ಆಪಾದಿತನ ಕುರ್ಚಿಗೋ ದೂರುವವನ ಗಂಟಲಿಗೋ ತಕ್ಕಂತೆ ಅಲ್ಲ. ಎಷ್ಟು ಜನಕ್ಕೆ ಕೇಡಾಗಿದೆ, ಅಧಿಕಾರವನ್ನು ಎಷ್ಟು ದುರುಪಯೋಗ ಮಾಡಲಾಗಿದೆ, ದೂರು ಕೊಟ್ಟವರು ಎಷ್ಟು ನಿರ್ಬಲರು ಎಂಬ ಮೂರು ಪ್ರಶ್ನೆ ಮೊದಲು.

ಎರಡನೆಯದು: ಆರಂಭದ ವಿಚಾರಣೆ ಬೇಗ ಮುಗಿಯಲಿ. ಭ್ರಷ್ಟಾಚಾರದ ದೂರಿನಲ್ಲಿ ಮೊಕದ್ದಮೆಗೆ ಮುಂಚೆ ಒಂದು ಪ್ರಾಥಮಿಕ ವಿಚಾರಣೆ ನಡೆಸಬಹುದೆಂದು ಸುಪ್ರೀಂ ಕೋರ್ಟು 2013ರ ಲಲಿತಾ ಕುಮಾರಿ ತೀರ್ಪಿನಲ್ಲಿ ಹೇಳಿತು. ಅದಕ್ಕೆ ಕಾಲಮಿತಿಯನ್ನೂ ಹಾಕಿತು. ಹುರುಳಿಲ್ಲದ್ದನ್ನು ಆ ಗಡುವಿನಲ್ಲೇ ಕಾರಣ ಬರೆದು ಮುಗಿಸಿ. ಹುರುಳಿದ್ದರೆ ಸರ್ಕಾರದ ಅನುಮತಿಯ ಹೆಸರಿನಲ್ಲಿ ಕಡತವನ್ನು ಮೂಲೆಗೆ ಹಾಕಬೇಡಿ.

ಮೂರನೆಯದು: ತನಿಖೆಗೆ ಗುರಿಯಾದವರ ಸರ್ಕಾರ ತನಿಖೆ ಮುಗಿಯುವವರೆಗೆ ಆ ಅಧಿಕಾರಿಯನ್ನು ಮುಟ್ಟುವಂತಿರಬಾರದು. ತನಿಖೆಯ ಪೋಲೀಸನ್ನು ಬಂದೋಬಸ್ತಿನ ಪೋಲೀಸಿನಿಂದ ಬೇರೆ ಮಾಡಿ ಎಂದು ಸುಪ್ರೀಂ ಕೋರ್ಟು 2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಆಜ್ಞೆ ಮಾಡಿತು. ಅದು ಕಾಗದದಿಂದ ಠಾಣೆಗೆ ಇಳಿಯಲಿ.

ನಾಲ್ಕನೆಯದು: ಲೆಕ್ಕ ಕೊಡಿ. ಶಾಸಕರು, ಮಂತ್ರಿಗಳ ಮೇಲಿನ ಪ್ರತಿಯೊಂದು ತನಿಖೆಗೂ ಎಷ್ಟು ಮಂದಿ, ಎಷ್ಟು ದಿನ, ಎಷ್ಟು ಹಣ, ಕೊನೆಗೆ ಏನಾಯಿತು ಎಂದು ವರ್ಷಕ್ಕೊಮ್ಮೆ ಶಾಸನಸಭೆಯ ಮುಂದೆ ಇಡಿ. ಪಕ್ಕದಲ್ಲೇ ಸಾಮಾನ್ಯ ಜನರ ಫಿರ್ಯಾದುಗಳ ಲೆಕ್ಕವನ್ನೂ ಇಡಿ. ಎರಡನ್ನೂ ಓದಿದ ಜನ ತೂಕವನ್ನು ತಾವೇ ನೋಡಿಕೊಳ್ಳುತ್ತಾರೆ.

ಈ ನಾಲ್ಕು ಅಳತೆ ನಮ್ಮ ಪಕ್ಷದವರಿಗೂ ಒಂದೇ, ಎದುರು ಪಕ್ಷದವರಿಗೂ ಒಂದೇ. ನಾಳೆ ನಮ್ಮವನೊಬ್ಬ ಕುರ್ಚಿ ಹತ್ತಿ, ಅವನ ಮೇಲೆ ದೂರು ಬಂದರೆ, ಅವನೂ ಇದೇ ತಕ್ಕಡಿಯಲ್ಲಿ ಕೂರಬೇಕು. ಮುಂದಿನ ಸಾರಿ ಓಟು ಕೇಳಲು ನಿಮ್ಮ ಬೀದಿಗೆ ಯಾವ ಪಕ್ಷದವರೇ ಬರಲಿ, ತಾಯಂದಿರೇ, ಹಿರಿಯರೇ, ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಒಂದು ಪ್ರಶ್ನೆ ಕೇಳಿ: “ನಿಮ್ಮ ಮೇಲೆ ತನಿಖೆ ಬಂದರೆ, ತನಿಖೆ ಮಾಡುವವನನ್ನು ವರ್ಗ ಮಾಡುವ ಅಧಿಕಾರ ಬಿಟ್ಟುಕೊಡುತ್ತೀರಾ?” ಉತ್ತರ ಹೇಳಲು ಅವರು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆಂಬುದನ್ನು ಗಮನವಿಟ್ಟು ನೋಡಿ.